ಪಕ್ಕದ ಮನೆಯ ಇಟಲಿ ಅಜ್ಜಿ

ಅಜ್ಜಿಯ ಬಲಗೈ ಮಣಿಕಟ್ಟು ಎಡಗೈಯದಕ್ಕಿಂತ ದಪ್ಪ. ನೋಡಿದ ತಕ್ಷಣ ಕಣ್ಣಿಗೆ ಬೀಳುವಷ್ಟು ದಪ್ಪ. ಮೊಣಕೈಯಿಂದ ಕೆಳಕ್ಕೆ ಹೊಸೆದ ಹಗ್ಗದಂತೆ ನರಗಳು, ಹೆಬ್ಬೆರಳ ಬುಡದಲ್ಲಿ ಕಲ್ಲಿನಂಥ ಜಡ್ಡು, ಒಲೆಯ ಕಾವಿಗೆ ರೋಮವೆಲ್ಲ ಉದುರಿ ನುಣ್ಣಗಾದ ಚರ್ಮ. ಬಿಳಿ ಜನ ಮೈ ಬಗ್ಗಿಸಿ ಕೆಲಸ ಮಾಡುವುದಿಲ್ಲ ಎಂದು ನಂಬಿದ್ದ ಊರಿನವರಿಗೆ ಆ ಕೈ ನೋಡಿದಾಗೆಲ್ಲ ಸೋಜಿಗ. ಯಾರಾದರೂ ಕೇಳಿದರೆ ಅಜ್ಜಿ ಆ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಹೊಸ ಬಳೆ ತೋರಿಸುವವರ ಹಾಗೆ ಮುಂದೆ ಚಾಚುತ್ತಿದ್ದರು. "ಆರು ವರ್ಷಕ್ಕೆ ಹಿಟ್ಟಿನ ಕೋಲು ಹಿಡಿದೆ. ಅಮ್ಮ ಕೊಟ್ಟಳು," ಅನ್ನುತ್ತಿದ್ದರು.

ಆವತಿ ದಾಟಿ ಎರಡು ಮೈಲಿ ಒಳಗೆ ನಡೆದರೆ ಸಿಗುವ ಹಳ್ಳಿಗೆ ಅರವತ್ತರ ದಶಕದ ಆರಂಭದಲ್ಲಿ ನಾನು ಸೊಸೆಯಾಗಿ ಬಂದೆ. ಪಕ್ಕದ್ದು ಕ್ರೈಸ್ತರ ಮನೆ. ಆ ಮನೆಯ ಯಜಮಾನರು ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸುತ್ತ ಇಟಲಿಯವರೆಗೆ ಹೋಗಿದ್ದವರು, ಊರಿಗೆಲ್ಲ ಡ್ರೈವರಣ್ಣ. ಹೋಗುವಾಗ ಒಬ್ಬರೇ ಹೋದವರು ಬರುವಾಗ ಅಲ್ಲಿಂದ ಹೆಂಡತಿಯನ್ನೂ, ಹೆಂಡತಿಯ ತಾಯಿಯನ್ನೂ ಕರೆತಂದಿದ್ದರು. ಆ ತಾಯಿಯೇ ನಾನು ಹೇಳುತ್ತಿರುವ ಅಜ್ಜಿ. ಇಟಲಿ ಎಂಬುದು ದೊಡ್ಡವರ ಬಾಯಲ್ಲಿ ಇಟ್ಲಿಯಾಗಿ, ಮಕ್ಕಳ ಬಾಯಲ್ಲಿ ಇಡ್ಲಿಯಾಗಿ, ನಾನು ಬರುವ ಹೊತ್ತಿಗೆ ಅವರು 'ಇಡ್ಲಿ ಅಜ್ಜಿ' ಆಗಿಬಿಟ್ಟಿದ್ದರು. ಬದುಕಿನಲ್ಲಿ ಒಂದು ದಿನವೂ ಅವರು ಇಡ್ಲಿ ಬೇಯಿಸಿದವರಲ್ಲ. ಕಣಕಾಲಿನವರೆಗೆ ಇಳಿಬಿದ್ದ ಕಪ್ಪು ಲಂಗ, ತಲೆಗೆ ಬಿಳಿ ವಸ್ತ್ರ, ಬರಿಗಾಲು. ಕನ್ನಡವನ್ನು ಅಡುಗೆಮನೆಯಲ್ಲಿ, ಸಂತೆಯಲ್ಲಿ ಕಲಿತಿದ್ದರಿಂದ ಅವರ ಭಾಷೆಗೆ ಬಹುವಚನವೇ ಇರಲಿಲ್ಲ. ಪಟೇಲರಿಗೂ "ಬಾ, ಕೂತ್ಕೋ," ಪಾದ್ರಿಗೂ "ಬಾ, ಕೂತ್ಕೋ."

ಅವರು ಇಲ್ಲಿಗೆ ಬಂದ ಕತೆಯನ್ನು ಡ್ರೈವರಣ್ಣ ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುತ್ತಿರಲಿಲ್ಲ. ಯುದ್ಧದ ಕೊನೆಯ ಚಳಿಗಾಲ. ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಇವರ ತುಕಡಿ ತಂಗಿತ್ತು. ಊರಿನ ಅರ್ಧ ಮನೆಗಳಿಗೆ ಸೂರಿರಲಿಲ್ಲ. ಅಜ್ಜಿಯ ಗಂಡ ಬಾಂಬಿಗೆ ಸಿಕ್ಕಿ ತೀರಿಕೊಂಡು ಎರಡು ತಿಂಗಳಾಗಿತ್ತು. ಯುದ್ಧಕ್ಕೆ ಹೋದ ಮಗ ತಿರುಗಿ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅವರ ಕೊಟ್ಟಿಗೆಯಲ್ಲಿ ಮಲಗಿದ್ದ ಡ್ರೈವರಣ್ಣ ಬೆಳಿಗ್ಗೆ ಎದ್ದು ನೋಡಿದರೆ, ಒಬ್ಬ ಹೆಂಗಸು ತಾಮ್ರದ ಹಂಡೆಯಲ್ಲಿ ಕುದಿಯುವ ನೀರಿಗೆ ಮುಸುಕಿನ ಜೋಳದ ಹಿಟ್ಟು ಉದುರಿಸಿ ಉದ್ದನೆಯ ಕೋಲಿನಲ್ಲಿ ತೊಳಸುತ್ತಿದ್ದಾರೆ.

"ನಮ್ಮವ್ವನೇ ನಿಂತವ್ಳೆ ಅನ್ನಿಸ್ಬಿಡ್ತು ಕಣಮ್ಮ," ಎನ್ನುತ್ತಿದ್ದರು ಡ್ರೈವರಣ್ಣ. "ಹಿಟ್ಟು ತೊಳ್ಸೋ ಹೆಂಗ್ಸು ಯಾವ ದೇಸ್ದಲ್ಲಿದ್ರೂ ಒಂದೇ ತರ ನಿಂತ್ಕೋತಾಳೆ. ಮನೆ ಬಿಟ್ಟು ನಾಕು ವರ್ಷ ಆಗಿತ್ತು. ಅಳು ಬಂದ್ಬಿಡ್ತು. ಭಾಷೆ ಬರಲ್ಲ, ಏನ್ಮಾಡ್ಲಿ? ಹೋಗಿ ಕೈ ನೀಡ್ದೆ, ಕೋಲು ಕೊಡು ಅಂತ."

ಬಂದೂಕಿನವರು ಕೇಳಿದ್ದನ್ನು ಕೊಡಲೇಬೇಕಾದ ಕಾಲ. ಅಜ್ಜಿ ಹೆದರಿಕೊಂಡೇ ಕೊಟ್ಟರು. ಆದರೆ ಆ ಕಪ್ಪು ಹುಡುಗ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಕೋಲು ಒತ್ತಿ, ಒಂದು ಗಂಟೂ ಇಲ್ಲದಂತೆ ತೊಳಸಿದ್ದನ್ನು ನೋಡಿ ನಕ್ಕುಬಿಟ್ಟರಂತೆ. ಗಂಡ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅವರ ಕಡೆ ಅದಕ್ಕೆ ಪೊಲೆಂತ ಎನ್ನುತ್ತಾರೆ. ನಾವು ರಾಗಿಯಲ್ಲಿ ಮಾಡುವುದನ್ನು ಅವರು ಜೋಳದಲ್ಲಿ ಮಾಡುತ್ತಾರೆ, ಅಷ್ಟೆ. ಯುದ್ಧ ಮುಗಿದ ಮೇಲೆ ಅಲ್ಲಿನ ಚರ್ಚಿನಲ್ಲೇ ಮಗಳ ಮದುವೆಯಾಯಿತು. ಉಳಿದ ಒಬ್ಬಳು ಮಗಳೂ ಸಮುದ್ರ ದಾಟಿ ಹೋಗುವುದಾದರೆ ತಾನು ಇಲ್ಲಿ ಯಾರಿಗೆ ಬೇಯಿಸಿ ಹಾಕಲಿ ಎಂದು ಅಜ್ಜಿಯೂ ಹೊರಟರು. ಗಂಟಿನಲ್ಲಿದ್ದದ್ದು ನಾಲ್ಕು ಬಟ್ಟೆ, ಆ ತಾಮ್ರದ ಹಂಡೆ, ಎರಡು ಮೊಳ ಉದ್ದದ ಒಂದು ಲಟ್ಟಣಿಗೆ. ದೇವನಹಳ್ಳಿಯಲ್ಲಿ ರೈಲು ಇಳಿದಾಗ ಜನ ಅದನ್ನು ಒನಕೆ ಎಂದುಕೊಂಡರಂತೆ.

ನನ್ನ ಪರಿಚಯ ಶುರುವಾದದ್ದು ನಾಚಿಕೆಯಲ್ಲಿ. ನಮ್ಮಪ್ಪ ಬೆಂಗಳೂರಿನಲ್ಲಿ ಗುಮಾಸ್ತರು. ತವರಿನಲ್ಲಿ ಅನ್ನವೇ ಹೆಚ್ಚು, ಮುದ್ದೆ ಮಾಡಿದ ದಿನ ಅಮ್ಮನೇ ಕೋಲು ಹಿಡಿಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನನಗೆ ಗಂಟಿಲ್ಲದ ಮುದ್ದೆ ಕಟ್ಟುವುದು ಗೊತ್ತಿರಲಿಲ್ಲ. ಬಂದ ಮೂರನೇ ದಿನ ಹೊಲದಿಂದ ಬಂದ ಆಳುಗಳ ಮುಂದೆ ನಾನು ಮಾಡಿದ ಮುದ್ದೆ ಇಟ್ಟಾಗ, ಒಬ್ಬ ಅದನ್ನು ಮುರಿದು ಒಳಗಿನ ಹಸಿ ಹಿಟ್ಟಿನ ಗಂಟನ್ನು ತೆಗೆದು ಸದ್ದಿಲ್ಲದೆ ಎಲೆಯ ಅಂಚಿಗಿಟ್ಟ. ಪಕ್ಕದವನೂ ಇಟ್ಟ. ನಮ್ಮತ್ತೆ ಎಲ್ಲರೂ ಎದ್ದು ಹೋದ ಮೇಲೆ, "ಬೆಂಗ್ಳೂರ್ನಲ್ಲಿ ಓದ್ಸಿದ್ರು, ಹಿಟ್ಟು ತೊಳ್ಸೋದ್ ಯಾರೂ ಹೇಳ್ಕೊಡ್ಲಿಲ್ವಾ?" ಅಂದರು. ನಾನು ಹಿತ್ತಲಿಗೆ ಹೋಗಿ ಅಳುತ್ತ ನಿಂತೆ.

ಹಿತ್ತಲಿನ ಮೋಟುಗೋಡೆಯ ಆಚೆಯಿಂದ ಬಿಳಿ ವಸ್ತ್ರ ಕಟ್ಟಿದ ತಲೆಯೊಂದು ಎದ್ದಿತು.

"ಅಳು ಬೇಡ," ಅಂದರು ಅಜ್ಜಿ. "ನಾಳೆ ಅತ್ತೆ ಹೊಲಕ್ಕೆ. ಆಗ ಬಾ."

ನಮ್ಮ ಮನೆಯವರು ಅವರ ಮನೆಯಲ್ಲಿ ನೀರು ಮುಟ್ಟುವವರಲ್ಲ. ಅತ್ತೆ ಆ ಹೊಸಿಲು ದಾಟಿದವರೇ ಅಲ್ಲ. ಅದು ಅಜ್ಜಿಗೂ ಗೊತ್ತಿತ್ತು. ಮಾರನೆಯ ದಿನ ಅವರು ಗೋಡೆಯ ಆ ಬದಿಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಈ ಬದಿಯಲ್ಲಿ ನಮ್ಮ ನೀರು ಕಾಯಿಸುವ ಒಲೆ ಇತ್ತು. ಅಲ್ಲಿ ಅವರು, ಇಲ್ಲಿ ನಾನು. ಈ ನಾಡಿಗೆ ಬಂದ ಹೊಸತರಲ್ಲಿ ಡ್ರೈವರಣ್ಣನ ತಾಯಿಯಿಂದ ಅವರು ಮೊದಲು ಕಲಿತದ್ದೇ ರಾಗಿ ಮುದ್ದೆಯಂತೆ. ಎಸರು ಕುದಿಯುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಮುಟ್ಟದೆ ಬೇಯಲು ಬಿಡಬೇಕು. ನಡುವೆ ಕೋಲಿನಿಂದ ಒಂದು ತೂತು, ಅಷ್ಟೆ. ನಾನು ಹೆದರಿಕೆಯಲ್ಲಿ ಆಗಲೇ ತಿರುವಲು ಹೋಗುತ್ತಿದ್ದೆ, ಅದೇ ತಪ್ಪು.

"ಆತುರ ನಿಂದು. ಹಿಟ್ಟಿಗೆ ಆತುರ ಇಲ್ಲ," ಎನ್ನುತ್ತಿದ್ದರು. ಕೊನೆಗೆ ತೊಳಸುವ ಹೊತ್ತು ಬಂದಾಗ, "ಕೈಯಲ್ಲಿ ಅಲ್ಲ, ಭುಜದಲ್ಲಿ! ಅದು ನಿನ್ನ ನಂಬೋವರೆಗೂ ತಿರುವು!" ಎಂದು ಗೋಡೆಯ ಮೇಲಿಂದ ಕೂಗುತ್ತಿದ್ದರು.

ಐದನೆಯ ದಿನ ನನ್ನ ಮುದ್ದೆ ಮೊಟ್ಟೆಯಂತೆ ನುಣುಪಾಗಿ ಬಂತು. ರಾತ್ರಿ ಅತ್ತೆ ಒಂದನ್ನು ಉಂಡು, ಇನ್ನರ್ಧ ಹಾಕಿಸಿಕೊಂಡರು. ಯಾರು ಕಲಿಸಿದರು ಎಂದು ಕೇಳಲಿಲ್ಲ.

ಆಮೇಲೆ ಆ ಗೋಡೆಯೇ ನನ್ನ ಎರಡನೇ ಪಾಠಶಾಲೆಯಾಯಿತು. ಡಿಸೆಂಬರಿನ ಬಿಸಿಲಲ್ಲಿ ಅಜ್ಜಿ ಮೈದಾಹಿಟ್ಟಿಗೆ ಮೊಟ್ಟೆ ಒಡೆದು ನಾದುತ್ತಿದ್ದರು. ಒಂದು ಮೊಟ್ಟೆಗೆ ಒಂದು ದೊಡ್ಡ ಹಿಡಿ, ನೀರಿನ ಹನಿಯೂ ಇಲ್ಲ. ಆ ಉದ್ದನೆಯ ಲಟ್ಟಣಿಗೆಯಲ್ಲಿ ಲಟ್ಟಿಸುತ್ತ ಲಟ್ಟಿಸುತ್ತ ಹೋದರೆ ಮಂಚದಗಲದ ಹಾಳೆಯಾಗುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಿಂದೆ ಇರುವ ಹುಣಸೆಮರ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕಾಣದಿದ್ದರೆ ಇನ್ನೂ ಲಟ್ಟಿಸಬೇಕು. ಆಮೇಲೆ ಸುರುಳಿ ಸುತ್ತಿ ಬೆರಳಗಲ ಕೊಯ್ದು ಹಗ್ಗದ ಮಂಚದ ಮೇಲೆ ಒಣಹಾಕಿದರೆ ಅಗಲದ ಶಾವಿಗೆ. ಅದಕ್ಕೆ ಹಿತ್ತಲ ಟೊಮೇಟೊ ಕುದಿಸಿದ ಗೊಜ್ಜು. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆಯೂ ಬೀಳುತ್ತಿತ್ತು. ಅವರೇಕಾಳಿನ ಸೊಗಡಿಗೆ ಅಜ್ಜಿ ಸೋತುಹೋಗಿದ್ದರು. "ಇದು ನಮ್ಮ ಕಡೆ ಇಲ್ಲ. ಪಾಪ ಅವರು," ಎಂದು ತಮ್ಮ ಇಡೀ ದೇಶದ ಮೇಲೆ ಕನಿಕರ ತೋರುತ್ತಿದ್ದರು.

ಒಮ್ಮೆ ದೇವನಹಳ್ಳಿ ಸಂತೆಗೆ ಅವರ ಜೊತೆ ಹೋಗಿದ್ದೆ. ಹೂವಿನವಳ ಮುಂದೆ ಬಂದಾಗ ಬುಟ್ಟಿಯಲ್ಲಿದ್ದ ಕಾಮಕಸ್ತೂರಿಯನ್ನು ಅಷ್ಟೂ ಬಾಚಿ ಮಡಿಲಿಗೆ ಹಾಕಿಕೊಂಡರು. ಹೂವಿನವಳಿಗೆ ಗಾಬರಿ.

"ಅಷ್ಟೊಂದು ಯಾಕಜ್ಜಿ? ದೇವ್ರಿಗೋ, ಮುಡ್ಕೊಳಾಕೋ?"

"ತಿನ್ನೋಕೆ," ಅಂದರು ಅಜ್ಜಿ.

ಸುತ್ತ ನಿಂತವರೆಲ್ಲ ನಕ್ಕರು. ಅಜ್ಜಿ ಮುಖ ಎತ್ತಿಕೊಂಡೇ ನಡೆದರು. ನಾವು ಹೂಮಾಲೆಗೆ ಸೇರಿಸುವ ಆ ಸೊಪ್ಪನ್ನೇ ಅವರ ತಾಯಿ ಕಿಟಕಿಯ ಕುಂಡದಲ್ಲಿ ಬೆಳೆಸಿ ಗೊಜ್ಜಿಗೆ ಕಿತ್ತು ಹಾಕುತ್ತಿದ್ದರಂತೆ. ಈ ದೇಶಕ್ಕೆ ಬಂದ ಎರಡನೇ ವರ್ಷ ಒಬ್ಬ ಮದುಮಗಳ ಜಡೆಯಿಂದ ಆ ವಾಸನೆ ಬಂದಾಗ, ಮದುವೆ ಮನೆಯಲ್ಲೇ ಅವಳ ತಲೆ ಮೂಸಿದ್ದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಇನ್ನು ಶಾಲೆಯ ಕತೆ. ಅರವತ್ತರ ದಶಕದ ನಡುವೆ ಎಲ್ಲ ಕಡೆ ಧಾನ್ಯಕ್ಕೆ ತತ್ವಾರ ಬಂತಲ್ಲ, ಆಗ ಊರಿನ ಶಾಲೆಗೆ ಮಧ್ಯಾಹ್ನದ ಊಟಕ್ಕೆಂದು ಅಮೆರಿಕದ ಮುಸುಕಿನ ಜೋಳದ ಹಿಟ್ಟಿನ ಮೂಟೆಗಳು ಬಂದವು. ಹಳದಿ ಹಿಟ್ಟು. ಬೇಯಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಅಡುಗೆಗೆ ನೇಮಿಸಿದ್ದವನು ಕುದಿಯುವ ನೀರಿಗೆ ಅಷ್ಟನ್ನೂ ಒಮ್ಮೆಗೇ ಸುರಿದು, ಎರಡು ಸುತ್ತು ತಿರುವಿ ಇಳಿಸಿಬಿಡುತ್ತಿದ್ದ. ಒಳಗೆಲ್ಲ ಹಸಿ ಗಂಟು. ಮಕ್ಕಳಿಗೆ ಹೊಟ್ಟೆನೋವು ಶುರುವಾಯಿತು. ಅರಳಿಕಟ್ಟೆಯಲ್ಲಿ ಜನ ಸೇರಿದರು. ಇದು ಅಮೆರಿಕದವರು ದನಕ್ಕೆ ಹಾಕುವ ಹಿಟ್ಟು, ನಮ್ಮ ಮಕ್ಕಳಿಗೆ ಬೇಡ, ಮೂಟೆ ವಾಪಸು ಕಳಿಸಿ ಎಂದು ಹೆಡ್‌ಮಾಸ್ತರರಿಗೆ ಹೇಳಿದರು. ಅವರು ಸೋಮವಾರ ಕಾಗದ ಬರೆಯುತ್ತೇನೆ ಎಂದು ಒಪ್ಪಿಕೊಂಡರು. ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದ ಮಕ್ಕಳು ಆ ಶಾಲೆಯಲ್ಲಿ ಬಹಳ ಇದ್ದರು. ಅವರಿಗೆ ದಿನದ ಊಟವೆಂದರೆ ಅದೊಂದೇ. ಆ ಮಕ್ಕಳ ತಂದೆತಾಯಿಗಳಿಗೆ ಕಟ್ಟೆಯ ಮೇಲೆ ಮಾತಾಡುವ ಜಾಗ ಇರಲಿಲ್ಲ.

ಈ ಸುದ್ದಿ ಡ್ರೈವರಣ್ಣನಿಂದ ಅಜ್ಜಿಗೆ ಮುಟ್ಟಿತು. ಅವರನ್ನು ಅಷ್ಟು ಕೋಪದಲ್ಲಿ ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

"ದನಕ್ಕಾ?" ಎಂದು ಗೋಡೆಯ ಬಳಿ ಬಂದು ನನ್ನನ್ನೇ ಕೇಳಿದರು. "ನಾನು ತಿಂದೆ. ನನ್ನ ಅಮ್ಮ ತಿಂದಳು. ನನ್ನ ಮಗ ತಿಂದ. ನಾವು ದನವಾ?"

ಅವರ ಬಲ ಭುಜ ಆ ವರ್ಷ ಹಿಡಿದುಕೊಂಡಿತ್ತು. ಶಾಲೆಯ ಹಂಡೆ ತೊಳಸಲು ಒಬ್ಬರ ಕೈ ಸಾಲದು. ನನ್ನನ್ನೇ ನೋಡುತ್ತ ನಿಂತರು. ಬಾ ಎನ್ನಲಿಲ್ಲ. ನಾನು ಆ ಊರಿಗೆ ಬಂದು ಮೂರು ವರ್ಷವಾಗಿತ್ತು. ಬಾವಿ, ಹೊಲ, ಗುಡಿ ಬಿಟ್ಟು ಎಲ್ಲಿಗೂ ಒಬ್ಬಳೇ ಹೋದವಳಲ್ಲ. ಅತ್ತೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿಯ ಹಿಂದೆ ಹೊರಟುಬಿಟ್ಟೆ.

ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ಅಂಜುಬುರುಕರು. "ಅಮ್ಮ, ನೀವು ಮಾಡ್ತೀನಿ ಅನ್ನೋದು ಸರಿ. ನಾಳೆ ಯಾರಾದ್ರೂ ಜಾತಿ ಗೀತಿ ಅಂತ ತಕರಾರು ತೆಗೆದ್ರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ," ಎಂದರು.

"ನಿನ್ನ ಕೆಲಸ ಪಾಠ. ನನ್ನ ಕೆಲಸ ಇದು," ಅಂದರು ಅಜ್ಜಿ. "ನೀರು ತರಿಸು."

ಅಜ್ಜಿ ಎಡಗೈಯ ಬೆರಳ ಸಂದಿಯಿಂದ ಹಿಟ್ಟನ್ನು ಸೋನೆ ಮಳೆಯಂತೆ ಸಣ್ಣಗೆ ಉದುರಿಸಿದರು. ನಾನು ತೊಳಸಿದೆ. ರಾಗಿಯಂತೆ ಇದನ್ನು ಗುಡ್ಡೆ ಸುರಿಯುವಂತಿಲ್ಲ, ಮೊದಲ ಹಿಡಿಯಿಂದ ಕೊನೆಯವರೆಗೂ ಕೋಲು ನಿಲ್ಲುವಂತಿಲ್ಲ. ಮುಕ್ಕಾಲು ಗಂಟೆ. ನನ್ನ ಸೊಂಟ ಮುರಿದುಹೋಗುವಂತಾಯಿತು. ಅಷ್ಟರಲ್ಲಿ ಸುದ್ದಿ ಹರಡಿ, ಶಾಲೆಯ ಅಂಗಳದಲ್ಲಿ ಅರ್ಧ ಊರು ಸೇರಿತ್ತು. "ದನದ ಮಾಂಸ ಮುಟ್ಟೋ ಕೈ," ಎಂದು ಯಾರೋ ಹಿಂದಿನಿಂದ ಅಂದರು. ಒಬ್ಬ ತನ್ನ ಮಗನನ್ನು ಸಾಲಿನಿಂದ ಎಬ್ಬಿಸಿ ರಟ್ಟೆ ಹಿಡಿದುಕೊಂಡ. ಅವನನ್ನು ನೋಡಿ ಇನ್ನಿಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಎಬ್ಬಿಸಲು ಮುಂದೆ ಬಂದರು. ಹೆಡ್‌ಮಾಸ್ತರರು ಬೆವರು ಒರೆಸಿಕೊಂಡರು. ಅಜ್ಜಿ ಯಾವ ಕಡೆಗೂ ನೋಡಲಿಲ್ಲ. ಬೆಂದದ್ದನ್ನು ದೊಡ್ಡ ಹಲಗೆಯ ಮೇಲೆ ಕವುಚಿ ಹಾಕಿದರು. ಹುಣ್ಣಿಮೆಯ ಚಂದ್ರ ಬಂದು ಕೂತಂತೆ ಹಳದಿ ಗುಂಡಗೆ ಹೊಗೆಯಾಡುತ್ತಿತ್ತು. ಲಂಗದ ಜೇಬಿನಿಂದ ಒಂದು ದಾರ ತೆಗೆದು, ಎರಡೂ ತುದಿ ಹಿಡಿದು, ಕತ್ತಿಯಿಲ್ಲದೆ ಅದನ್ನು ಹೋಳು ಹೋಳಾಗಿ ಕೊಯ್ದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆದರೆ ಯಾರೂ ತಟ್ಟೆ ಚಾಚಲಿಲ್ಲ.

ಆಗ ಗುಂಪು ಸರಿಸಿಕೊಂಡು ನಮ್ಮತ್ತೆ ಬಂದರು.

ನನ್ನ ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ನೆಟ್ಟಗೆ ಹಲಗೆಯ ಬಳಿ ಹೋಗಿ, ಬಗ್ಗಿ, ಒಂದು ಚೂರು ಮುರಿದರು. ಹೆಬ್ಬೆರಳಿನಿಂದ ಅಂಗೈಗೆ ಒತ್ತಿ ನೋಡಿದರು, ಸೊಸೆಯ ಮುದ್ದೆಯನ್ನು ಪರೀಕ್ಷಿಸುವ ಹಾಗೇ. ಬಾಯಿಗೆ ಹಾಕಿಕೊಂಡರು.

"ಒಂದ್ ಗಂಟಿಲ್ಲ," ಅಂದರು. ಆಮೇಲೆ ದನಿ ಏರಿಸಿ, "ಚೆನ್ನಾಗ್ ಬೆಂದೈತೆ. ಏನ್ ನೋಡ್ತಾ ನಿಂತಿದ್ದೀರ? ಇಕ್ರಮ್ಮ ಮಕ್ಳಿಗೆ!"

ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಕ್ಕಳ ಸಾಲಿನ ತುದಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, "ನಂಗೂ ಒಂದೆಲೆ ಹಾಕು," ಎಂದು ಅಜ್ಜಿಗೆ ಹೇಳಿದರು. ಇಪ್ಪತ್ತು ವರ್ಷ ಪಕ್ಕದ ಮನೆಯಲ್ಲಿದ್ದೂ ಅವರು ಅಜ್ಜಿಯ ಜೊತೆ ಆಡಿದ ಮೊದಲ ಮಾತು ಅದು. ಹುರುಳಿಸಾರಿನ ಜೊತೆ ಎರಡು ಹೋಳು ಉಂಡರು. ರಟ್ಟೆ ಹಿಡಿದು ನಿಂತಿದ್ದವನು ಮಗನನ್ನು ಬಿಟ್ಟ. ಅರ್ಧ ಗಂಟೆಯಲ್ಲಿ ಹಲಗೆ ಖಾಲಿ. ಮೂಟೆಗಳು ವಾಪಸು ಹೋಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅತ್ತೆ ನನ್ನ ಜೊತೆ ಆಡಿದ್ದು ಒಂದೇ ಮಾತು: "ಆವತ್ತು ನಿಂಗೆ ಹಿಟ್ಟು ತೊಳ್ಸೋದು ಹೇಳ್ಕೊಟ್ಟೋಳು ಇವ್ಳೇ ಅಂತ ನಂಗೊತ್ತಿತ್ತು ಕಣಮ್ಮಿ. ಗೋಡೆ ಮೇಲಿಂದ ಕೂಗೋದು ಹೊಲಕ್ಕೇ ಕೇಳ್ಸೋದು."

ಹಿಟ್ಟು ಬರುತ್ತಿದ್ದ ಅಷ್ಟೂ ಕಾಲ ಅಜ್ಜಿಯೂ ನಾನೂ ಶಾಲೆಯಲ್ಲಿ ಅಡುಗೆ ಮಾಡಿದೆವು. ಸರದಿಯಲ್ಲಿ ಬೇರೆ ಹೆಂಗಸರೂ ಬಂದರು. ಊರಿನಲ್ಲಿ ಅದುವರೆಗೆ ನಾನು 'ಬೆಂಗ್ಳೂರೋಳು'. ಆಮೇಲೆ ಮಕ್ಕಳಿಂದ ಶುರುವಾಗಿ ಎಲ್ಲರಿಗೂ 'ಹಿಟ್ಟಿನಕ್ಕ' ಆದೆ. ಆ ಹೆಸರಿನಷ್ಟು ಹೆಮ್ಮೆ ನನಗೆ ಎಸ್ಸೆಸ್ಸೆಲ್ಸಿಯೂ ಕೊಟ್ಟಿರಲಿಲ್ಲ. ಅತ್ತೆ ಆ ವರ್ಷದ ಕ್ರಿಸ್ಮಸ್ಸಿನ ಹಿಂದಿನ ದಿನ ಅಜ್ಜಿಯ ಮನೆಯ ಹೊಸಿಲು ದಾಟಿದರು. ಆ ದಿನ ಅಜ್ಜಿ, ಅವರ ತಾಯಿ ಮಾಡುತ್ತಿದ್ದಂತೆಯೇ, ಹಾಳೆಯನ್ನು ಚೌಕ ಕೊಯ್ದು ಒಳಗೆ ಕೋಳಿಯ ಹೂರಣ ಇಟ್ಟು ಉಗುರಿನಷ್ಟು ಪುಟ್ಟ ಟೋಪಿಗಳಂತೆ ಮಡಿಸಿ ಸಾರಿನಲ್ಲಿ ಬೇಯಿಸುತ್ತಿದ್ದರು. ಅತ್ತೆ ಒಂದನ್ನು ಎತ್ತಿ ನೋಡಿ, "ಕಡುಬು ಇದು. ಮರಿ ಕಡುಬು," ಎಂದು ತೀರ್ಪು ಕೊಟ್ಟು, ಕೂತು ಮಡಿಸತೊಡಗಿದರು. ಆ ಇಬ್ಬರೂ ಮುದುಕಿಯರು ಯಾರ ಕೈ ಚುರುಕು ಎಂದು ಪೈಪೋಟಿಗೆ ಬಿದ್ದದ್ದನ್ನು ಅಜ್ಜಿಯ ಮಗಳೂ ನಾನೂ ನಗುತ್ತ ನೋಡಿದೆವು. ಎಲ್ಲ ಅಳತೆಗಳನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲು ಹೋದೆ. ಓದುಬರಹ ಬಾರದ ಅಜ್ಜಿ ಬುಕ್ಕನ್ನು ಮುಚ್ಚಿಸಿ, ಹಿಟ್ಟು ಹಿಡಿದ ತಮ್ಮ ಮುಷ್ಟಿಯನ್ನು ನನ್ನ ಅಂಗೈಯೊಳಗೆ ಬಿಚ್ಚಿ, "ಇಷ್ಟು," ಅಂದರು. ಈಗಲೂ ನನಗೆ ಅಳತೆ ಗೊತ್ತಿರುವುದು ಹಾಗೇ.

ಎಪ್ಪತ್ತರ ದಶಕದ ನಡುವೆ ಅಜ್ಜಿ ಮಲಗಿದರು. ಎಂಬತ್ತರ ಹತ್ತಿರದ ವಯಸ್ಸು. ಕೊನೆಯ ವಾರ ಕನ್ನಡ ಅವರನ್ನು ಬಿಟ್ಟುಹೋಯಿತು, ಬರೀ ತಮ್ಮ ಭಾಷೆ ಆಡುತ್ತಿದ್ದರು. ಮಗಳೂ ಡ್ರೈವರಣ್ಣನೂ ಡಾಕ್ಟರನ್ನು ಕರೆತರಲು ದೇವನಹಳ್ಳಿಗೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಗಂಜಿ ಮಾಡಿ ಕುಡಿಸಲು ಕೂತಿದ್ದೆ. ಅತ್ತೆಯೂ ಹೆಡ್‌ಮಾಸ್ತರರೂ ಪಕ್ಕದಲ್ಲಿದ್ದರು. ಒಂದು ಗುಟುಕು ಕುಡಿದು ಅಜ್ಜಿ ಮುಖ ಕಿವುಚಿ, "ಸಾಲೆ... ಸಾಲೆ..." ಎಂದರು.

ಹೆಡ್‌ಮಾಸ್ತರರ ಕಣ್ಣು ತುಂಬಿಬಂತು. "ನೋಡಿ, ಈ ಸ್ಥಿತಿಯಲ್ಲೂ ನಮ್ಮ ಶಾಲೆ ನೆನಪಾಗ್ತಿದೆ," ಅಂದರು.

ಹನ್ನೆರಡು ವರ್ಷ ಅವರ ಒಲೆಯ ಬಳಿ ನಿಂತಿದ್ದ ನನಗೆ ಅವರ ಭಾಷೆ ಬರುತ್ತಿರಲಿಲ್ಲವಾದರೂ ಅಡುಗೆಮನೆಯ ಮಾತುಗಳು ಬರುತ್ತಿದ್ದವು. ಅವರ ಕಡೆ ಸಾಲೆ ಎಂದರೆ ಉಪ್ಪು. ನಾನು ಗಂಜಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಎದ್ದು ಹೋಗಿ ಎರಡು ಹರಳು ತಂದು ಕದಡಿ ಕುಡಿಸಿದೆ. ಅಜ್ಜಿ ಪೂರ್ತಿ ಕುಡಿದು, ಈಗ ಸರಿ ಎಂಬಂತೆ ನನ್ನ ಕೆನ್ನೆ ತಟ್ಟಿದರು. ಹೆಡ್‌ಮಾಸ್ತರರಿಗೆ ನಾನು ಏನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಬೆಳಗಿನ ಹೊತ್ತು ಅಜ್ಜಿ ಹೋದರು.

ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಹಳದಿ ಹಿಟ್ಟು ಉಂಡು ಬೆಳೆದಿದ್ದ ಹುಡುಗರೇ ಹೆಗಲು ಕೊಟ್ಟರು. ತಿಂಗಳಾದ ಮೇಲೆ ಸಮಾಧಿಗೆ ಕಲ್ಲು ಕೆತ್ತಿಸಲು ಡ್ರೈವರಣ್ಣನ ಜಗಲಿಯಲ್ಲಿ ಕೂತಿದ್ದೆವು. ಹೆಡ್‌ಮಾಸ್ತರರು ಕಾಗದ ಪೆನ್ಸಿಲ್ ಹಿಡಿದು ಹೆಸರು ಬರೆದುಕೊಂಡರು. "ಊರು ಯಾವುದು ಅಂತ ಬರೆಸೋದು?" ಎಂದು ಕೇಳಿದರು. ಅಜ್ಜಿಯ ಮಗಳು ಗುಡ್ಡದ ಮೇಲಿನ ತಮ್ಮ ಹಳ್ಳಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳತೊಡಗಿದರು. ಹೆಡ್‌ಮಾಸ್ತರರು ಅದನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ತಡವರಿಸುತ್ತಿದ್ದರು.

ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ತಲೆ ಎತ್ತಿದರು.

"ಯಾವೂರು ಅಂತ ಕೇಳ್ತೀರಲ್ಲ ಮೇಷ್ಟ್ರೇ, ನಿಮಗ್ ಗೊತ್ತಿಲ್ವಾ? ಇಲ್ಲಿ ಮಕ್ಳಿಗೆ ಇಕ್ಕಿದೋಳು, ಇಲ್ಲೇ ಮಣ್ಣಾದೋಳು. ನಮ್ಮೂರು ಅಂತ್ಲೇ ಬರ್ಸಿ."

ಅಜ್ಜಿಯ ಮಗಳು ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಕೂತು, ಹೆಡ್‌ಮಾಸ್ತರರ ಕಡೆ ತಿರುಗಿ, ಹಾಗೇ ಬರೆಸಿ ಎಂದು ತಲೆಯಾಡಿಸಿದರು. ಕಲ್ಲಿನ ಮೇಲೆ ಇಂದಿಗೂ ಹಾಗೇ ಇದೆ.